ತೂತು ಬಿದ್ದ ಎಳೆಗಳು

ನಲವತ್ತನೆಯ ಸೀಳಿನಲ್ಲೂ ತೂತುಗಳೇ ಕಂಡಾಗ ಮೇಸ್ತ್ರಿಗೆ ಭಯಕ್ಕಿಂತ ಮೊದಲು ಸಿಟ್ಟು ಬಂತು. ಯಾರ ಮೇಲೆ ಅಂತ ಕೇಳಿದ್ದರೆ ಒಂದು ಪಟ್ಟಿಯನ್ನೇ ಓದಿಬಿಡುತ್ತಿದ್ದ. ಉಗ್ರಾಣದ ಗುಮಾಸ್ತನ ಮೇಲೆ, ಮೂರಕ್ಕೆ ಕಳಿಸುತ್ತೇವೆಂದು ನಾಲ್ಕೂವರೆಗೆ ತುಂಡು ಕಳಿಸಿದ ಆಪರೇಷನ್ ಕೋಣೆಯವರ ಮೇಲೆ, ಬೆಳಿಗ್ಗೆ ತಾನು ಕೈ ತೊಳೆಯಲು ಹೋದ ಎರಡು ನಿಮಿಷದಲ್ಲಿ ತಟ್ಟೆಯಿಂದ ಮೊದಲ ಸ್ಲೈಡನ್ನು ಎತ್ತಿಕೊಂಡ ಡಾಕ್ಟರಮ್ಮನ ಮೇಲೆ, ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟಿನ ಮೇಲೆ, ತಿಂಡಿಗೆ ಕೂತಾಗ "ನಿಮ್ಮ ಮುಖ ಯಾಕೆ ಹಾಗಿದೆ" ಎಂದು ಎರಡೆರಡು ಸಲ ಕೇಳಿದ ಹೆಂಡತಿಯ ಮೇಲೆ. ಮುಖಕ್ಕೇನಾಗಿದೆ, ಇದ್ದ ಹಾಗೇ ಇದೆ ಅಂತ ಅವಳ ಮೇಲೆ ಹರಿಹಾಯ್ದು ತಟ್ಟೆ ದೂಡಿ ಎದ್ದು ಬಂದಿದ್ದ. ಮುಖ ಹಾಗಿತ್ತು. ಹಾಗಿತ್ತು ಅಂದರೆ ತನಗೆ ನಿನ್ನೆಯೇ ಗೊತ್ತಿತ್ತು ಅಂತಾಯಿತು. ಈ ಯೋಚನೆ ಬಂದ ಕೂಡಲೆ ಅವನು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಯಂತ್ರದ ಹಿಡಿಯನ್ನು ಮತ್ತೆ ತಿರುಗಿಸಿ ನಲವತ್ತೊಂದನೆಯದನ್ನು ಸೀಳಿದ.

ಅವನ ಹುದ್ದೆಗೆ ಎರಡು ಸಾಲಿನಷ್ಟು ಉದ್ದದ ಹೆಸರಿತ್ತು. ಅದನ್ನು ಹೇಳಲು ಯಾರಿಗೂ ಪುರುಸೊತ್ತಿಲ್ಲದೆ ಇಡೀ ಆಸ್ಪತ್ರೆ ಮೇಸ್ತ್ರಿ ಎಂದೇ ಕರೆಯುತ್ತಿತ್ತು. ಕೈಕಾಲಿನ ಬಲ ಹೋಗುತ್ತಿದೆ ಎಂದು ಬಂದವರ ತೋಳಿನಿಂದಲೋ ತೊಡೆಯಿಂದಲೋ ಕಡಲೆಕಾಳಿನಷ್ಟು ಸ್ನಾಯುವನ್ನು ಕತ್ತರಿಸಿ ಈ ನೆಲಮಾಳಿಗೆಗೆ ಕಳಿಸುತ್ತಾರೆ. ಅವನು ಅದನ್ನು ಒಂದು ಸಣ್ಣ ಕಾರ್ಕಿನ ಬಿಲ್ಲೆಯ ಮೇಲೆ ಎಳೆಗಳು ನೆಟ್ಟಗೆ ನಿಲ್ಲುವಂತೆ ಅಂಟಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಪ್ಪುಗಟ್ಟಿಸಬೇಕು. ಆಮೇಲೆ ಫ್ರಿಜ್ಜಿನಂಥ ಯಂತ್ರದೊಳಗೆ ಕೈ ತೂರಿಸಿ, ಕೂದಲಿನ ದಪ್ಪದ ಎಂಟನೆಯ ಒಂದು ಭಾಗದಷ್ಟು ತೆಳ್ಳಗೆ ಸೀಳಿ, ಗಾಜಿನ ಮೇಲೆ ಹಿಡಿದು, ಬಣ್ಣ ಹಾಕಿ ಕೊಡಬೇಕು. ನೋಡಿ ರೋಗ ಹೇಳುವುದು ಡಾಕ್ಟರುಗಳ ಕೆಲಸ. ಆದರೆ ನೋಡುವಂಥದ್ದನ್ನು ಮಾಡಿಕೊಡುವವನು ತಾನು, ತಾನಿಲ್ಲದಿದ್ದರೆ ಇವರು ನೋಡುವುದೇನನ್ನು, ಗಾಜನ್ನೇ ಎಂಬುದು ಅವನ ಇಪ್ಪತ್ತೆರಡು ವರ್ಷದ ಗುಟ್ಟಾದ ಜಂಬ. ಗುಟ್ಟು ಅಂತ ಅವನು ಅಂದುಕೊಂಡಿದ್ದ ಅಷ್ಟೆ. ಆ ಜಂಬ ಅವನ ನಡಿಗೆಯಲ್ಲಿ, ಕೆಮ್ಮಿನಲ್ಲಿ, ಕನ್ನಡಕ ಒರೆಸುವ ರೀತಿಯಲ್ಲಿ ಎಲ್ಲರಿಗೂ ಕಾಣುತ್ತಿತ್ತು.

ಚೆನ್ನಾಗಿರುವ ಸ್ನಾಯುವನ್ನು ಅಡ್ಡಕ್ಕೆ ಸೀಳಿ ನೋಡಿದರೆ ಅಂಗಳಕ್ಕೆ ಒತ್ತಾಗಿ ಹಾಸಿದ ಚಪ್ಪಡಿಗಳ ಹಾಗಿರುತ್ತದೆ. ಗುಲಾಬಿ ಬಣ್ಣದ, ಐದಾರು ಮೂಲೆಗಳ ತುಂಡುಗಳು, ಒಂದಕ್ಕೊಂದು ತಾಗಿಕೊಂಡು, ನಡುವೆ ಗೆರೆ ಎಳೆದಷ್ಟೇ ಸಂದು. ಒಂದೊಂದು ತುಂಡೂ ಒಂದೊಂದು ಕೋಶದ ತುದಿ. ಕೋಶ ಅಂದರೆ ಜನ ಅಣುವಿನಷ್ಟರದ್ದು ಅಂದುಕೊಳ್ಳುತ್ತಾರೆ. ತೊಡೆಯಲ್ಲಿ ಒಂದೇ ಕೋಶ ಒಂದು ಗೇಣು ಉದ್ದಕ್ಕೆ ಎಳೆಯಾಗಿ ಹಬ್ಬಿರಬಹುದು. ಬೇರೆ ಕಡೆಯ ಕೋಶಗಳಲ್ಲಿ ಕೇಂದ್ರ ಒಂದೇ, ಯಜಮಾನನಂತೆ ನಡುಮನೆಯಲ್ಲಿ ಕೂತಿರುತ್ತದೆ. ಇಲ್ಲಿ ನೂರಾರು ಕೇಂದ್ರಗಳು, ಎಲ್ಲವೂ ನೀಲಿ ಚುಕ್ಕೆಗಳಾಗಿ ಅಂಚಿಗೆ ಸರಿದು, ದುಡಿಯುವ ಸಾಮಾನಿಗೆ ಜಾಗ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಂತಿರುತ್ತವೆ. ಇದನ್ನು ಅವನಿಗೆ ಯಾರೂ ಪಾಠ ಮಾಡಿ ಕಲಿಸಿರಲಿಲ್ಲ. ಪಕ್ಕದ ಕೋಣೆಯಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದನ್ನು ಗೋಡೆಯ ಈಚೆಯಿಂದ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಉದ್ದಕ್ಕೆ ಸೀಳಿದರೆ ಪಟ್ಟೆಗಳು ಕಾಣುತ್ತವೆ, ಒಂದು ಗಾಢ, ಒಂದು ತಿಳಿ, ಮತ್ತೆ ಗಾಢ, ಮತ್ತೆ ತಿಳಿ. ದಪ್ಪ ತಂತು ಇರುವಲ್ಲಿ ಗಾಢ, ಬರೀ ತೆಳು ತಂತು ಇರುವಲ್ಲಿ ತಿಳಿ. ಸ್ನಾಯು ಕುಗ್ಗುವಾಗ ಈ ತಂತುಗಳಲ್ಲಿ ಯಾವುದೂ ಕುಗ್ಗುವುದಿಲ್ಲ. ಒಂದರ ಸಂದಿಗೆ ಇನ್ನೊಂದು ಜಾರಿಕೊಳ್ಳುತ್ತದೆ, ಅಷ್ಟೇ. ಒಂದು ದಿನ ಊಟದ ಹೊತ್ತಿಗೆ ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ತೂರಿಸಿ ಹೆಂಡತಿಗೆ ಇದನ್ನು ತೋರಿಸಲು ಹೋಗಿದ್ದ. "ಹಿಡಿಯೋದಕ್ಕೆ ಅಲ್ಲ, ಹಿಡಿದದ್ದನ್ನ ಬಿಡೋದಕ್ಕೆ ಶಕ್ತಿ ಬೇಕು, ಗೊತ್ತಾ? ಶಕ್ತಿ ಮುಗಿದುಹೋದ್ರೆ ಹಿಡಿದದ್ದು ಹಿಡಿದ ಹಾಗೇ ಸೆಟೆದುಹೋಗುತ್ತೆ. ಹೆಣ ಸೆಟೆಯೋದು ಅದಕ್ಕೇ." ಅವಳು ಊಟದ ಹೊತ್ತಿಗೆ ಹೆಣದ ಮಾತು ಬೇಡ ಅಂದು, "ಆ ಡಬ್ಬಿ ಮುಚ್ಚಳ ಬಿಗಿಯಾಗಿದೆ, ನಿಮ್ಮ ತಂತುಗಳನ್ನ ಕರೆದು ಸ್ವಲ್ಪ ತೆಗೆಸಿಕೊಡಿ" ಅಂದಿದ್ದಳು. ತೆಗೆಯಲು ಅವನಿಂದ ಆಗಿರಲಿಲ್ಲ.

ನಲವತ್ತೊಂದು. ಗುಲಾಬಿ ಚಪ್ಪಡಿಗಳ ಒಳಗೆಲ್ಲ ಬಿಳಿ ತೂತು. ಕೆಲವು ಕೋಶಗಳಲ್ಲಿ ಒಂದೆರಡು, ಕೆಲವದರಲ್ಲಿ ಜರಡಿ ಹಿಡಿದ ಹಾಗೆ. ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ಹರಳಾಗುತ್ತದೆ, ಹರಳು ಬೆಳೆಯುತ್ತ ಪಕ್ಕದ ತಂತುಗಳನ್ನು ಸೀಳಿಕೊಂಡು ಜಾಗ ಮಾಡಿಕೊಳ್ಳುತ್ತದೆ, ಆಮೇಲೆ ಕರಗಿ ತಾನು ಕೂತಿದ್ದ ಜಾಗವನ್ನು ತೂತಾಗಿ ಬಿಟ್ಟು ಹೋಗುತ್ತದೆ. ಅದಕ್ಕೇ ಆ ಅವಸರ. ಬೇಗ ಹೆಪ್ಪುಗಟ್ಟದ ಒಂದು ದ್ರವವಿರುವ ಉಕ್ಕಿನ ಲೋಟವನ್ನು, ಮಂಜಿಗಿಂತ ಎಷ್ಟೋ ತಣ್ಣಗಿರುವ ದ್ರವ ನೈಟ್ರೋಜನ್ನಿನಲ್ಲಿ ಇಳಿಬಿಟ್ಟು, ತಳದಲ್ಲಿ ರವೆಯಂಥ ಬಿಳಿ ಕಾಳು ಕಾಣುವವರೆಗೆ ಕಾಯಬೇಕು. ಕಾಳು ಬಂತು ಅಂದರೆ ಸಾಕಷ್ಟು ತಣ್ಣಗಾಗಿದೆ ಅಂತ. ಆಗ ತುಂಡನ್ನು ಲೋಟದಲ್ಲಿ ಅದ್ದಬೇಕು. ಎಷ್ಟು ಜನ ಹುಡುಗ ಹುಡುಗಿಯರಿಗೆ ಎಷ್ಟು ಸಲ ಹೇಳಿಕೊಟ್ಟಿಲ್ಲ ಇದನ್ನು. ನಿನ್ನೆ ಕ್ಯಾನಿನ ತಳದಲ್ಲಿ ನಾಲ್ಕು ಬೆರಳಷ್ಟು ನೈಟ್ರೋಜನ್ ಉಳಿದಿತ್ತು. ಮಧ್ಯಾಹ್ನವೇ ಉಗ್ರಾಣಕ್ಕೆ ಹೋಗಿ ಕೇಳಿದ್ದ. ಗುಮಾಸ್ತ ರಿಜಿಸ್ಟರಿನಿಂದ ತಲೆಯೆತ್ತದೆ, "ಹೋದ ವಾರ ತುಂಬಿದ ಕ್ಯಾನ್ ಏನ್ಮಾಡಿದ್ರಿ ಮೇಸ್ತ್ರಿ, ಕುಡಿದ್ರಾ?" ಅಂದ. ಅಲ್ಲಿ ಕೂತಿದ್ದ ಇಬ್ಬರು ನಕ್ಕರು. ದೊಡ್ಡ ಡಾಕ್ಟರ ರುಜು ತಂದರೆ ಕೊಡುತ್ತೇನೆ ಅಂದ. ಅದು ತಾನಾಗೇ ಆವಿಯಾಗಿ ಹೋಗುವ ವಸ್ತು ಎಂದು ಆ ಮನುಷ್ಯನಿಗೆ ಹದಿನೈದನೆಯ ಸಲ ವಿವರಿಸುವ ಬದಲು ಮೇಸ್ತ್ರಿ ಖಾಲಿ ಕೈಯಲ್ಲಿ ವಾಪಸು ಬಂದ. ಬರುತ್ತ ಮೆಟ್ಟಿಲ ಮೇಲೆ, ಅಲ್ಲಿ ಹೇಳಬೇಕಿದ್ದ ಮಾತುಗಳೆಲ್ಲ ಒಂದೊಂದಾಗಿ ಹೊಳೆದವು. ತುಂಡು ಬಂದಾಗ ಮತ್ತೆ ಹೋಗಬಹುದಿತ್ತು. ದೊಡ್ಡ ಡಾಕ್ಟರ ಕೋಣೆ ಎರಡು ಮಹಡಿ ಮೇಲೆ, ಹತ್ತು ನಿಮಿಷದ ದಾರಿ. ತುಂಡನ್ನು ಒದ್ದೆ ಬಟ್ಟೆಯಲ್ಲಿಟ್ಟರೆ ಅರ್ಧ ಗಂಟೆ ಏನೂ ಆಗುವುದಿಲ್ಲ. ಆದರೆ ಆ ಗುಮಾಸ್ತನ ಮುಂದೆ ಇನ್ನೊಂದು ಸಲ ಹೋಗಿ ನಿಲ್ಲಬೇಕಿತ್ತು. ನಿಲ್ಲಲಾರೆ ಅಂತ ಹಟ ಬಂತು. ಇದ್ದದ್ದನ್ನೇ ಸುರಿದ. ಲೋಟದ ಸುತ್ತ ಹೊಗೆ ಎದ್ದಿತು, ಕುದಿಯುವ ಸದ್ದು ಬಂತು, ಸದ್ದು ಬೇಗ ಅಡಗಿತು. ತಳ ನೋಡಿದ. ಕಾಳು ಇರಲಿಲ್ಲ. ಇನ್ನೂ ಸ್ವಲ್ಪ ನೋಡಿದ. ಇರಲಿಲ್ಲ. ಸಾಕು, ಆಗಿರುತ್ತೆ ಎಂದು ಬಾಯಿಬಿಟ್ಟು ಹೇಳಿಕೊಂಡು ಅದ್ದಿಬಿಟ್ಟ.

ಬೆಳಿಗ್ಗೆ ಡಾಕ್ಟರಮ್ಮ ಆ ಮೊದಲ ಸ್ಲೈಡನ್ನು ಹಿಡಿದು ಓಡೋಡಿ ಬಂದಿದ್ದಳು. ಮೂವತ್ತೂ ದಾಟಿರದ, ಸೇರಿ ಎಂಟು ತಿಂಗಳಾದ ಹೆಣ್ಣುಮಗಳು. ಕಣ್ಣು ಹೊಳೆಯುತ್ತಿತ್ತು. "ನೋಡಿದ್ರಾ ಮೇಸ್ತ್ರಿ? ಎಳೆ ಎಳೆಯಲ್ಲೂ ತೂತು. ಪುಸ್ತಕದಲ್ಲಿ ಬಿಟ್ರೆ ನಾನಿದನ್ನ ಇಷ್ಟು ಚೆನ್ನಾಗಿ ನೋಡೇ ಇಲ್ಲ." ಅವನು ಯಂತ್ರದೊಳಗೆ ತಲೆ ಹಾಕಿಕೊಂಡು ಹ್ಞೂಂ ಅಂದ. "ಬೇರೆ ಯಾರಾದ್ರೂ ಮಾಡಿದ್ದಾಗಿದ್ರೆ ಮಂಜಿನ ತೂತಿರಬಹುದು ಅಂತ ಅನುಮಾನ ಪಡ್ತಿದ್ದೆ. ನಿಮ್ಮ ಕೈಯಿಂದ ಬಂದದ್ದು ಅಂದ್ಮೇಲೆ ಆ ಮಾತೇ ಇಲ್ಲ. ಒಂದ್ಸಲ ಬುದ್ಧಿ ಕಲಿತಿದ್ದೀನಲ್ಲ," ಎಂದು ನಕ್ಕು ಹೋದಳು. ನಗುವಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಾಯೆನಿಸುತ್ತಿತ್ತು.

ಆ ಬುದ್ಧಿ ಕಲಿಸಿದವನು ತಾನೇ. ಅವಳು ಬಂದ ಹೊಸತರಲ್ಲಿ ಇಂಥದೇ ತೂತಿನ ಸ್ಲೈಡೊಂದನ್ನು ನೋಡಿ, ಇದು ಹೆಪ್ಪುಗಟ್ಟಿಸುವಾಗ ಆದ ದೋಷ ಅಲ್ಲವೇ ಎಂದು ಮೆಲ್ಲಗೆ ಕೇಳಿದ್ದಳು. ಕೇಳಬೇಕಾದ ಪ್ರಶ್ನೆಯೇ ಅದು. ಎದುರಿಗೆ ದೊಡ್ಡ ಡಾಕ್ಟರು, ಹಿಂದೆ ಏಳೆಂಟು ವಿದ್ಯಾರ್ಥಿಗಳು. ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. "ಮೇಡಂ, ನೀವು ಮೂರನೇ ಕ್ಲಾಸಲ್ಲಿ ಮಗ್ಗಿ ಹೇಳ್ತಿದ್ದಾಗಿಂದ ಈ ಕೆಲಸ ಮಾಡ್ತಿದ್ದೀನಿ. ನನ್ನ ಕೈಯಲ್ಲಿ ಇದುವರೆಗೆ ಒಂದು ತುಂಡೂ ಕೆಟ್ಟಿಲ್ಲ," ಅಂದ. ವಿದ್ಯಾರ್ಥಿಗಳು ನೆಲ ನೋಡಿದರು. ಅವಳ ಕಿವಿಯ ತುದಿ ಕೆಂಪಗಾಗಿತ್ತು. ಆ ಸಲದ ತೂತುಗಳು ನಿಜವಾಗಿಯೂ ರೋಗದವೇ ಎಂದು ಮುಂದೆ ಗೊತ್ತಾಯಿತು. ಅವನು ಆ ವಿಷಯವನ್ನು ಒಂದು ವಾರ, ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ. ಕೇಳಬೇಕಾದ ಪ್ರಶ್ನೆಯನ್ನು ಇನ್ನೊಮ್ಮೆ ಕೇಳದಂತೆ ಅವಳ ಬಾಯಿಗೆ ಬೀಗ ಹಾಕಿ, ಇಂದು ಅವಳು ಯಾಕೆ ಕೇಳಲಿಲ್ಲ ಎಂದು ಹಲ್ಲು ಕಡಿಯುತ್ತ ಕೂತಿದ್ದ.

ನಲವತ್ತೆಂಟು, ನಲವತ್ತೊಂಬತ್ತು. ಒಳಗೆಲ್ಲಾದರೂ ಒಂದು ಕಡೆ ಚೆನ್ನಾಗಿ ಉಳಿದಿರಬೇಕು ಎಂದು ಅವನು ಸೀಳುತ್ತಲೇ ಹೋದ. ಒಂದು ಸೀಳಿನ ಮೂಲೆಯಲ್ಲಿ, ಎರಡು ಕೋಶಗಳ ಸಂದಿಯಲ್ಲಿ, ಸಾಸಿವೆ ಚೆಲ್ಲಿದ ಹಾಗೆ ಒಂದಿಷ್ಟು ನೀಲಿ ಕಾಳು ಗುಂಪುಗೂಡಿರುವುದು ಕಂಡಿತು. ಅವನ ಕೈ ನಿಂತಿತು. ಅಂಥ ಗುಂಪನ್ನು ಅವನು ಎಷ್ಟೋ ಸಲ ನೋಡಿದ್ದ. ಉರಿಯೂತ ಇದ್ದವರಲ್ಲಿ ಹಾಗಿರುತ್ತದೆ. ಉರಿಯೂತಕ್ಕೆ ಮಾತ್ರೆ ಇದೆ. ತಿಂಗಳೊಪ್ಪತ್ತಿನಲ್ಲಿ ಕೈಯೆತ್ತಿ ನಡೆದುಹೋದವರ ಸುದ್ದಿ ಅವನು ಕೇಳಿದ್ದ. ತೂತಿನ ರೋಗಕ್ಕೆ ಏನೂ ಇಲ್ಲ, ದಿನ ಎಣಿಸಬೇಕು. ಆದರೆ ಹರಳುಗಳು ಆ ಜಾಗವನ್ನೂ ಕಚ್ಚಿ ಕಚ್ಚಿ ಹಾಕಿದ್ದವು. ಅದು ಗುಂಪೋ, ಅಂಚಿನಲ್ಲಿದ್ದ ಕೇಂದ್ರಗಳೇ ಚೆದುರಿ ಒಂದು ಕಡೆ ಬಿದ್ದಿವೆಯೋ ಹೇಳಲು ಬರುವಂತಿರಲಿಲ್ಲ. ಹೇಳುವ ಅಧಿಕಾರವೂ ಅವನಿಗಿರಲಿಲ್ಲ. ಮುಂದಿನ ಸೀಳಿನಲ್ಲಿ ಸ್ಪಷ್ಟವಾದೀತು ಎಂದು ಅಲಗು ಓಡಿಸಿದ. ಅದರಲ್ಲಿ ಆ ಗುಂಪೇ ಇರಲಿಲ್ಲ.

ಮೇಸ್ತ್ರಿಯ ಅಪ್ಪ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಮೊಣಕಾಲಿನ ಕೆಳಗೆ ಮೀನಖಂಡ ಕಲ್ಲಿನ ಗುಂಡಿನ ಹಾಗೆ ಉಬ್ಬಿ ಇಳಿಯುವುದನ್ನು ಮಗ ನೆಲದ ಮೇಲೆ ಕೂತು ನೋಡುತ್ತಿದ್ದ. ಮಗ ಈ ಕೆಲಸಕ್ಕೆ ಸೇರಿದ ವರ್ಷ ಪ್ರಯೋಗಶಾಲೆಗೆ ಒಂದು ಹೊಸ ಯಂತ್ರ ಬಂತು, ಹೊತ್ತುಕೊಂಡು ಬಂದವರು ನಾಲ್ವರು, ಅವರಲ್ಲಿ ಅಪ್ಪನೂ ಒಬ್ಬ. ಯಾರದೋ ಬದಲಿಗೆ ಬಂದಿದ್ದನಂತೆ. ಇಳಿಸುವಾಗ ಪೆಟ್ಟಿಗೆಯ ಒಂದು ಮೂಲೆ ನೆಲಕ್ಕೆ ಕುಟ್ಟಿತು. ಆಗಿನ ಮುಖ್ಯಸ್ಥರು, ಕಣ್ಣು ಕಾಣಿಸಲ್ವೇನಯ್ಯಾ ಎಂದು ಅಪ್ಪನ ಮೇಲೆ ರೇಗಿದರು. ಅಪ್ಪನ ತೊಡೆ ಭಾರಕ್ಕೆ ಇನ್ನೂ ನಡುಗುತ್ತಿತ್ತು. ಬಿಳಿ ಕೋಟು ತೊಟ್ಟು ಬಾಗಿಲ ಬಳಿ ನಿಂತಿದ್ದ ಮಗ ಬಾಗಿಲ ಚಿಲಕವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ. ಕೈ ಜಾರಿದ್ದು ಅಪ್ಪನದಲ್ಲ, ಹಿಂದಿನ ಮೂಲೆ ಹಿಡಿದವನದು. ಮಗ ಅದನ್ನು ಕಣ್ಣಾರೆ ನೋಡಿದ್ದ. ಅಪ್ಪ ಅವನ ಕಡೆ ನೋಡಲೇ ಇಲ್ಲ, ಗುರುತು ಹಿಡಿದು ಮಗನ ಮರ್ಯಾದೆ ತೆಗೆಯಬಾರದೆಂದು. ಸಂಜೆ ಮನೆಗೆ ಹೋದಾಗ, "ನಿಮ್ಮ ಆಫೀಸು ಚೆನ್ನಾಗಿದೆ, ತಣ್ಣಗಿದೆ," ಅಂದ, ಅಷ್ಟೇ. ಇಬ್ಬರೂ ಆ ವಿಷಯ ಮತ್ತೆ ಎತ್ತಲಿಲ್ಲ. ಎತ್ತಬೇಕು ಅಂದುಕೊಳ್ಳುತ್ತಲೇ ಅಪ್ಪ ತೀರಿಕೊಂಡ. ಹೆಗಲು ಕೊಡುವಾಗ ಸೆಟೆದ ಕಾಲು ಬಟ್ಟೆಯ ಹೊರಗೆ ಚಾಚಿತ್ತು.

ಅಲಗು ಕರ್ರೆಂದಿತು. ನೋಡಿದರೆ ಕಾರ್ಕಿನ ಪುಡಿ. ತುಂಡು ಮುಗಿದುಹೋಗಿತ್ತು. ಕಡಲೆಕಾಳಿನಷ್ಟು ಇದ್ದದ್ದು ಹುಡುಕುತ್ತ ಹುಡುಕುತ್ತ ಪೂರ್ತಿ ಗಾಜಿನ ಮೇಲೆ ಹೋಗಿ, ಮಿಕ್ಕದ್ದು ಯಂತ್ರದ ತಳದಲ್ಲಿ ಹೊಟ್ಟಾಗಿ ಬಿದ್ದಿತ್ತು. ಆಗ ಅವನಿಗೆ ನೆನಪಾಯಿತು: ಹೀಗೆ ಕೆಟ್ಟ ತುಂಡನ್ನು ಕರಗಲು ಬಿಟ್ಟು, ನೀರು ಹೀರಿಸಿ, ಮತ್ತೆ ಸರಿಯಾಗಿ ಹೆಪ್ಪುಗಟ್ಟಿಸಿದರೆ ಎಷ್ಟೋ ಸಲ ತೂತುಗಳು ಮುಚ್ಚಿಕೊಳ್ಳುತ್ತವೆ. ಕೆಲಸ ಕಲಿಸಿದ ಮುದುಕ ಮೊದಲ ವರ್ಷವೇ ಹೇಳಿಕೊಟ್ಟಿದ್ದ. ಕೆಡಿಸಿದವರಿಗೆ ಬೇಕಾಗುವ ವಿದ್ಯೆ, ತನಗ್ಯಾಕೆ ಎಂದು ಅವನು ಅದನ್ನು ತಲೆಯಲ್ಲಿ ಇಟ್ಟುಕೊಂಡಿರಲಿಲ್ಲ. ಬರಿಯ ಕಾರ್ಕಿನ ಬಿಲ್ಲೆಯನ್ನು ಹಿಡಿದು ಎಷ್ಟೋ ಹೊತ್ತು ನಿಂತ. ಬೆರಳು ಚಳಿಗೆ ಮರಗಟ್ಟಿತು. ಇಪ್ಪತ್ತೆರಡು ವರ್ಷ, ಎಂದುಕೊಂಡ, ಥತ್, ಇಪ್ಪತ್ತೆರಡು ವರ್ಷ.

ಹನ್ನೊಂದೂವರೆಗೆ ಡಾಕ್ಟರಮ್ಮ ಮತ್ತೆ ಬಂದಳು. ಕೈಯಲ್ಲಿ ಟೀ ಲೋಟ. "ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ಹೇಳ್ದೆ. ರೌಂಡ್ಸಿಗೆ ಹೋದಾಗ ಪೇಷಂಟಿಗೂ ತಿಳಿಸಿದ್ರಂತೆ. ಪಾಪ, ಪಾರ್ಲರ್ ಇಟ್ಕೊಂಡಿದ್ದವರಂತೆ, ಕೂದಲು ಕತ್ತರಿಸೋರು. ಕೈಯೇ ಮೇಲೆ ಎತ್ತೋಕಾಗಲ್ಲ ಅಂದ್ರೆ ಇನ್ನೇನು ಮಾಡ್ತಾರೆ." ದನಿಯಲ್ಲಿ ಮರುಕವಿತ್ತು. ಮರುಕದ ಕೆಳಗೆ, ತಾನು ಸರಿಯಾಗಿ ಗುರುತಿಸಿದೆ ಎಂಬ ಸಂತೋಷವೂ ಇತ್ತು. ಅವನಿಗೆ ಅದೇ ಹೆಚ್ಚು ಚುಚ್ಚಿತು. ಈಗ ಸುಮ್ಮನಿದ್ದರೆ ಏನೂ ಆಗುವುದಿಲ್ಲ. ಸ್ಲೈಡುಗಳು ಪೆಟ್ಟಿಗೆಗೆ ಸೇರುತ್ತವೆ, ಪೆಟ್ಟಿಗೆ ಕಪಾಟಿಗೆ, ಕಪಾಟಿಗೆ ಬೀಗ. ಮೇಲೆ ಎಲ್ಲೋ ಒಬ್ಬ ಹೆಂಗಸು ಇಲ್ಲದ ರೋಗಕ್ಕೆ ಒಗ್ಗಿಕೊಳ್ಳುತ್ತಾಳೆ. ಅಷ್ಟರಲ್ಲಿ ಇರುವ ರೋಗ ಅವಳನ್ನು ತಿಂದುಹಾಕಿದರೆ, ಹೇಳಿದ್ದು ನಿಜವಾಯಿತು ಎನ್ನುತ್ತಾರೆ.

"ಮೇಡಂ, ಆ ತೂತು ಮಂಜಿಂದು," ಅಂದ.

ಅವಳಿಗೆ ಅರ್ಥವಾಗಲಿಲ್ಲ. "ಏನು ಮಂಜು?"

"ನಿನ್ನೆ ನೈಟ್ರೋಜನ್ ಸಾಕಾಗಿರಲಿಲ್ಲ. ಕಾಳು ಬಂದಿರಲಿಲ್ಲ. ನಾನು ಅದ್ದಿಬಿಟ್ಟೆ."

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. "ಹಳೇದನ್ನ ಮನಸ್ಸಲ್ಲಿಟ್ಕೊಂಡು ನನ್ನನ್ನ ಪರೀಕ್ಷೆ ಮಾಡ್ತಿದ್ದೀರಾ? ನಾನು ಏನಂತೀನಿ ನೋಡೋಣ ಅಂತ?"

"ಇಲ್ಲ ಮೇಡಂ."

"ಹಾಗಾದ್ರೆ ಇನ್ನೊಂದು ಕಡೆಯಿಂದ ಸೀಳಿಕೊಡಿ, ನೋಡೋಣ."

"ತುಂಡು ಇಲ್ಲ. ಹುಡುಕ್ತಾ ಹುಡುಕ್ತಾ ಎಲ್ಲ ಮುಗಿಸ್ಬಿಟ್ಟೆ." ಕಾರ್ಕಿನ ಬಿಲ್ಲೆ ಅವಳ ಕಡೆ ಚಾಚಿದ. ಅವಳು ಅದನ್ನು ಮುಟ್ಟಲಿಲ್ಲ. ಬೈಯುತ್ತಾಳೆ ಎಂದು ಕಾದ. ಅವಳು ಬೈಯುವ ಬದಲು ಸ್ಟೂಲಿನ ಮೇಲೆ ಕೂತು ಎರಡು ಕೈಯಿಂದಲೂ ಹಣೆ ಹಿಡಿದುಕೊಂಡಳು. ಬೆಳಿಗ್ಗೆ ಎಂಟಕ್ಕೆ ಅವಳು ಸ್ಲೈಡು ಹಿಡಿದು ಬಂದಾಗಲೇ ಹೇಳಿದ್ದರೆ ತಾವಿಬ್ಬರೂ ಉಳಿಯುತ್ತಿದ್ದೆವು. ಈ ಲೆಕ್ಕವನ್ನು ಅವಳೂ ಹಾಕುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು.

"ನಾನೀಗ ಅವರಿಗೆ ಫೋನ್ ಮಾಡಿ, ಮಂಜು ಯಾವುದು ರೋಗ ಯಾವುದು ಅಂತ ನನಗೆ ಗೊತ್ತಾಗ್ಲಿಲ್ಲ ಅಂತ ಹೇಳ್ಬೇಕು. ಹೇಳ್ತೀನಿ. ಅದು ನನ್ನ ಪಾಡು. ಅವತ್ತು ಗೊತ್ತಿಲ್ಲದಿದ್ರೂ ಕೇಳಿದ್ದೆ, ಇವತ್ತು ಗೊತ್ತಿದ್ರೂ ಕೇಳ್ಲಿಲ್ಲ." ಎದ್ದಳು. "ನೀವು ಮೇಲೆ ಹೋಗಿ ಆ ಹೆಂಗಸಿಗೆ ಹೇಳಿ. ನೀವೇ ಹೇಳಿ. ನನ್ನ ಕೈಲಿ ಆಗಲ್ಲ."

ಹಾಗೆ ಕಳಿಸುವ ಕ್ರಮವಿಲ್ಲ, ಟೆಕ್ನಿಷಿಯನ್ನುಗಳು ರೋಗಿಗಳ ಹತ್ತಿರ ಮಾತಾಡುವ ಹಾಗಿಲ್ಲ ಎಂಬ ನಿಯಮ ಅವನ ನಾಲಗೆಯ ತುದಿಗೆ ಬಂತು. ನಿಯಮವನ್ನು ನುಂಗಿಕೊಂಡು ಮೆಟ್ಟಿಲು ಹತ್ತಿದ. ಲಿಫ್ಟು ಕೆಟ್ಟಿತ್ತು. ಎರಡನೆಯ ಮಹಡಿಗೆ ತೊಡೆ ಬಿಗಿಯಿತು, ಮೂರನೆಯದಕ್ಕೆ ಉಸಿರು ಮೇಲಕ್ಕೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವನು ಸಾವಿರಗಟ್ಟಲೆ ಜನರ ಒಳಗನ್ನು ನೋಡಿದ್ದ, ಒಬ್ಬರ ಮುಖವನ್ನೂ ನೋಡಿರಲಿಲ್ಲ. ಅವರೆಲ್ಲ ಅವನಿಗೆ ಒಂದು ನಂಬರು, ಒಂದು ಬಿಲ್ಲೆ. ಹೇಗೆ ಶುರುಮಾಡುವುದು ಎಂದು ಮೂರು ಥರ ಅಭ್ಯಾಸ ಮಾಡಿದ. ಮೂರರಲ್ಲೂ ಉಗ್ರಾಣದ ಗುಮಾಸ್ತ ಬರುತ್ತಿದ್ದ.

ಆ ಹೆಂಗಸು ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ನಲವತ್ತೈದಿರಬಹುದು. ಎಡತೋಳಿಗೆ ಬ್ಯಾಂಡೇಜು. ತಲೆಗೂದಲನ್ನು ಯಾರೋ ಬೇರೆಯವರು, ಅಷ್ಟೇನೂ ಬಾರದವರು ಕತ್ತರಿಸಿದ್ದರು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಅವನ ಕೋಟು ನೋಡಿ, "ಮತ್ತೆ ರಕ್ತ ಬೇಕಾ?" ಅಂದಳು.

"ಇಲ್ಲಮ್ಮ. ಕೆಳಗೆ ಲ್ಯಾಬಲ್ಲಿ ಇರೋನು ನಾನು. ನಿಮ್ಮ ತೋಳಿಂದ ತೆಗೆದ ತುಂಡು ನನ್ನ ಹತ್ರ ಬಂದಿತ್ತು."

"ಅದರಲ್ಲಿ ತೂತು ಅಂತಲ್ಲ," ಅಂದಳು, ನೆರೆಮನೆಯ ಸುದ್ದಿ ಹೇಳುವ ಹಾಗೆ. "ಬೆಳಿಗ್ಗೆ ಹೇಳಿದ್ರು. ಔಷಧಿ ಇಲ್ಲ, ಇರೋ ಶಕ್ತಿಯನ್ನ ಹುಷಾರಾಗಿ ಬಳಸ್ಕೊಳ್ಳಿ ಅಂದ್ರು. ಆಗಲೇ ನರ್ಸ್ ಕೈಲಿ ಹಿಡಿಸ್ಕೊಂಡು ತಂಗಿಗೆ ಫೋನ್ ಮಾಡಿದೆ. ಅಂಗಡಿಯ ಕತ್ತರಿಗಳನ್ನೆಲ್ಲ ನೀನೇ ಇಟ್ಕೋ, ಇಲ್ಲ ಯಾರಿಗಾದ್ರೂ ಕೊಟ್ಬಿಡು ಅಂದೆ. ಹದಿನೆಂಟು ವರ್ಷ ಆ ಕತ್ತರಿಗಳನ್ನ ಒಬ್ರಿಗೂ ಮುಟ್ಟೋಕೆ ಬಿಟ್ಟಿರಲಿಲ್ಲ ನಾನು."

"ಆ ತೂತು ನಿಮ್ಮದಲ್ಲ. ನಾನು ಮಾಡಿದ್ದು," ಅಂದ. ಅಲ್ಲಿಂದ ಮುಂದೆ ಬಾಯಿಗೆ ತಡೆಯೇ ಉಳಿಯಲಿಲ್ಲ. ನೀರು, ಹರಳು, ಲೋಟ, ಬಿಳಿ ಕಾಳು, ಎಳೆಗಳೊಳಗಿನ ದಪ್ಪ ತಂತು ತೆಳು ತಂತು, ಗೋಡೆಯ ಈಚೆಯಿಂದ ಕೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಾ ಹೋದ. ಬೆರಳುಗಳನ್ನು ಒಂದರೊಳಗೊಂದು ತೂರಿಸಿಯೂ ತೋರಿಸಿದ. ಪಕ್ಕದ ಮಂಚದ ಮುದುಕಿ ಎದ್ದು ಕೂತು ನೋಡತೊಡಗಿದಳು. ಗುಮಾಸ್ತನ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೇಗೋ ತಡೆದುಕೊಂಡ. ಪಾರ್ಲರಿನವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು.

"ಅಂದ್ರೆ ನನಗೆ ಆ ಕಾಯಿಲೆ ಇಲ್ಲ."

"ಇದೆಯೋ ಇಲ್ವೋ ಗೊತ್ತಿಲ್ಲ. ವಾಸಿಯಾಗೋ ಥರದ್ದೂ ಇರಬಹುದು. ನೋಡೋದಕ್ಕೆ ಇನ್ನೊಂದು ತುಂಡು ಬೇಕು. ಇನ್ನೊಂದ್ಸಲ ಕತ್ತರಿಸಬೇಕು."

ಅವಳು ತೋಳಿನ ಬ್ಯಾಂಡೇಜಿನ ಕಡೆ ನೋಡಿದಳು. "ಒಂಬತ್ತು ಗಂಟೆಗೆ ಹೇಳಿ ಹೋದ್ರು ಅವ್ರು," ಅಂದಳು. "ಈಗ ಹನ್ನೆರಡು. ಈ ಮೂರು ಗಂಟೆ ನಾನಿಲ್ಲಿ ಕೂತು ಏನೇನು ಯೋಚನೆ ಮಾಡಿದೆ ಗೊತ್ತಾ ನಿಮಗೆ?"

"ತಪ್ಪಾಯ್ತು."

"ಹತ್ರ ಬನ್ನಿ."

ಬಂದ. ಅವಳ ಬಲಗೈ ಹಾಸಿಗೆಯಿಂದ ಎದ್ದಿತು. ಮೊಣಕೈವರೆಗೆ ಸರಿಯಾಗಿಯೇ ಬಂತು, ಆಮೇಲೆ ಭುಜ ನಡುಗಿತು, ಕೈ ಅವನ ಕೋಟಿನ ಗುಂಡಿಯವರೆಗೆ ಏರಿ ಧಪ್ಪನೆ ಹೊದಿಕೆಯ ಮೇಲೆ ಬಿತ್ತು. ಇನ್ನೊಂದು ಸಲ ಎತ್ತಿದಳು. ಇನ್ನೂ ಕೆಳಗೇ ನಿಂತಿತು. ಏನಾದರೂ ಕೊಡಲೇ, ನೀರು ಬೇಕೇ ಎಂದು ಅವನು ಕೇಳಿದ.

"ಬಗ್ಗಿ," ಅಂದಳು.

ಆಗ ಅರ್ಥವಾಯಿತು. ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿ ಬಗ್ಗಿದ. ಇನ್ನೂ, ಅಂದಳು. ಮಂಚದ ಕಬ್ಬಿಣಕ್ಕೆ ಮೊಣಕಾಲು ಊರಿ, ಮುಖವನ್ನು ಅವಳ ಮಡಿಲಿನ ಮಟ್ಟಕ್ಕೆ ತಂದ. ಅವಳು ಕೆನ್ನೆಗೆ ಹೊಡೆದಳು. ಇದ್ದ ಬಲವನ್ನೆಲ್ಲ ಹಾಕಿದ್ದಳು. ಹಲ್ಲು ಕಚ್ಚಿದ್ದು ಕಂಡಿತು. ಏಟು ಮಗು ತಟ್ಟಿದಷ್ಟೂ ಇರಲಿಲ್ಲ. ನೋವಾಗಲಿ ಎಂದು ಅವನು ಕಾದ. ಆಗಲಿಲ್ಲ. ಅದನ್ನು ಅವನಿಂದ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಪಕ್ಕದ ಮುದುಕಿ, "ಅಯ್ಯೋ, ಏನಮ್ಮ ಇದು," ಅಂದಳು.

"ಅದೇ ಎಡಗೈಯಿಂದ ತಗೊಳ್ಳಿ," ಅಂದಳು ಪಾರ್ಲರಿನವಳು. ಏದುಸಿರು ಬಿಡುತ್ತಿದ್ದಳು. "ಎಷ್ಟು ಬೇಕಾದ್ರೂ ತಗೊಳ್ಳಿ. ಬಲಗೈಗೆ ಬರಬೇಡಿ." ಆಮೇಲೆ ಗಲ್ಲದಿಂದಲೇ ದಿಂಬಿನ ಕಡೆ ತೋರಿಸಿ, "ಫೋನ್ ಇದೆ ಅಲ್ಲಿ. ಕೊನೇ ನಂಬರ್ ತಂಗೀದು, ಒತ್ತಿ ಕಿವಿಗೆ ಹಿಡೀರಿ. ನನ್ನ ಕೈಲಿ ಹಿಡಿಯೋಕಾಗಲ್ಲ."

ಅವನು ಒತ್ತಿ, ಅವಳ ಕಿವಿಗೆ ಹಿಡಿದು, ಬಗ್ಗಿಕೊಂಡೇ ನಿಂತ. ಆ ಕಡೆ ಬಹಳ ಹೊತ್ತು ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿ, ಅಂದಳು. ಮತ್ತೆ ಮಾಡಿದ. ಮೂರನೆಯ ಸಲಕ್ಕೆ ಅವನ ತೋಳು ನೋಯತೊಡಗಿತು. ಕೈ ಬದಲಾಯಿಸಿಕೊಳ್ಳಲೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾಲ್ಕನೆಯ ಸಲ ರಿಂಗು ನಿಂತು, ಆ ಕಡೆಯಿಂದ ಹಲೋ ಎಂಬ ಹೆಣ್ಣುದನಿ ಅವನಿಗೂ ಕೇಳಿಸಿತು.

"ಕತ್ತರಿ ಮುಟ್ಟಬೇಡ ಕಣೇ," ಅಂದಳು.